ಮಕ್ಕಳ ಥೈರಾಯಿಡ್ ಕ್ಯಾನ್ಸರ್: ಅಂಕಿಗಳನ್ನು ಓದುವ ಬಗೆ

ಕಳೆದ ವರ್ಷ ನಮ್ಮ ಶಾಲೆಯ ಪೋಷಕರ ಸಭೆ ಮುಗಿದು ಎಲ್ಲರೂ ಮನೆಗೆ ಹೊರಡುವ ಹೊತ್ತಿನಲ್ಲಿ ತಾಯಿಯೊಬ್ಬರು ನಮ್ಮ ಬಳಿಗೆ ಬಂದು ನಿಂತರು. ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಅವರ ಮಗಳ ಕೊರಳಿನಲ್ಲಿ ಚಿಕ್ಕದೊಂದು ಗಂಟು ಕಾಣಿಸಿಕೊಂಡಿತ್ತು. ವೈದ್ಯರಿಗೆ ತೋರಿಸಿಯಾಗಿತ್ತು, ಪರೀಕ್ಷೆಯ ಫಲಿತಾಂಶ ಇನ್ನೂ ಕೈಗೆ ಬಂದಿರಲಿಲ್ಲ. ಅಷ್ಟರಲ್ಲಿ ಬಂಧುಗಳಾರೋ, ಮಕ್ಕಳಲ್ಲಿ ಈ ಥೈರಾಯಿಡ್ ಕ್ಯಾನ್ಸರ್ ಲೋಕದಲ್ಲೆಲ್ಲ ಹೆಚ್ಚುತ್ತಿದೆಯೆಂದು ಅವರಿಗೆ ಹೇಳಿಬಿಟ್ಟಿದ್ದರು. "ಮಾಸ್ಟ್ರೇ, ಅದು ಹೌದೋ? ಹೆಚ್ಚುತ್ತಿದ್ದರೆ ಯಾತರಿಂದ ಹೆಚ್ಚುತ್ತಿದೆ? ನಾವು ಮಕ್ಕಳಿಗೆ ಕೊಟ್ಟ ಅನ್ನದಲ್ಲೇ ಏನಾದರೂ ತಪ್ಪಿತೋ?" ಎಂದು ಅವರು ಕೇಳಿದರು. ಆ ಪ್ರಶ್ನೆಗೆ ಆ ಕ್ಷಣದಲ್ಲಿ ನಮ್ಮಲ್ಲಿ ತಕ್ಕ ಉತ್ತರವಿರಲಿಲ್ಲ. ಉತ್ತರವಿಲ್ಲದೆ ಸಮಾಧಾನದ ಮಾತನ್ನಾಡುವುದು ಅಧ್ಯಾಪಕರಾದವರಿಗೆ ಒಪ್ಪತಕ್ಕುದಲ್ಲ. ಆದಕಾರಣ ಈ ವಿಷಯವನ್ನು ಕುರಿತು ಓದಿ ತಿಳಿದುದನ್ನು ವಿದ್ಯಾರ್ಥಿಗಳಿಗೂ ಅವರ ತಾಯ್ತಂದೆಗಳಿಗೂ ಇಲ್ಲಿ ನಿವೇದಿಸುತ್ತಿದ್ದೇವೆ.

ಗ್ರಂಥಿಯ ಪರಿಚಯ

ಕೊರಳಿನ ಮುಂಭಾಗದಲ್ಲಿ, ಧ್ವನಿಪೆಟ್ಟಿಗೆಗೆ ತುಸು ಕೆಳಗೆ, ಶ್ವಾಸನಾಳವನ್ನು ಅಪ್ಪಿಕೊಂಡಂತೆ ಚಿಟ್ಟೆಯ ಆಕಾರದ ಒಂದು ಗ್ರಂಥಿಯಿದೆ. ಇದೇ ಥೈರಾಯಿಡ್. ಬೆಳೆದವರಲ್ಲಿ ಇದರ ತೂಕ ಹದಿನೈದು ಇಪ್ಪತ್ತು ಗ್ರಾಮಿನಷ್ಟು. ಹಸುಗೂಸಿನಲ್ಲಿ ಒಂದೆರಡು ಗ್ರಾಮು ಮಾತ್ರ. ಗಾತ್ರದಲ್ಲಿ ಅಲ್ಪವಾದರೂ ಇದರ ಕಾರ್ಯ ಅಲ್ಪವಲ್ಲ. ಇದು ಸ್ರವಿಸುವ ಥೈರಾಕ್ಸಿನ್ ಎಂಬ ರಸವೇ ದೇಹದ ಬೆಳವಣಿಗೆಯನ್ನೂ ಶಾಖವನ್ನೂ ಬುದ್ಧಿಯ ವಿಕಾಸವನ್ನೂ ಹದದಲ್ಲಿಡುವುದು. ಆ ರಸವನ್ನು ತಯಾರಿಸಲು ಅಯೋಡಿನ್ ಎಂಬ ಮೂಲವಸ್ತು ಬೇಕು. ಆಹಾರದಲ್ಲಿ ಅದು ಅತ್ಯಲ್ಪ ಪ್ರಮಾಣದಲ್ಲಿರುವುದರಿಂದ, ರಕ್ತದಲ್ಲಿ ಹರಿದುಬರುವ ಅಯೋಡಿನ್ನನ್ನು ಈ ಗ್ರಂಥಿ ಕಾದಿದ್ದು ಹಿಡಿದು ತನ್ನಲ್ಲಿ ಕೂಡಿಟ್ಟುಕೊಳ್ಳುತ್ತದೆ. ದೇಹದ ಬೇರೆ ಯಾವ ಅಂಗಕ್ಕೂ ಅಯೋಡಿನ್ನಿನ ಮೇಲೆ ಇಷ್ಟು ಆಸೆಯಿಲ್ಲ. ಈ ಗುಣವೇ ಅದರ ಬಲ. ಮುಂದೆ ನೋಡುವಂತೆ, ಆಪತ್ತಿನ ಕಾಲದಲ್ಲಿ ಇದೇ ಅದರ ದೌರ್ಬಲ್ಯವೂ ಹೌದು.

ಈ ಗ್ರಂಥಿಯ ಕೆಲವು ಕಣಗಳು ಕಟ್ಟಳೆ ಮೀರಿ ಬೆಳೆಯತೊಡಗಿದಾಗ ಗಂಟುಗಳು ಏಳುತ್ತವೆ. ಹೆಚ್ಚಿನವು ನಿರಪಾಯವಾದುವು, ಕೆಲವು ಮಾತ್ರ ಕ್ಯಾನ್ಸರ್, ಎಂದರೆ ಹಿರಿಯರು ಅರ್ಬುದವೆಂದು ಕರೆದ ರೋಗ. ಮಕ್ಕಳಲ್ಲಿ ಇದು ಬಲು ಅಪರೂಪ: ಹತ್ತು ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಕೆಲವೇ ಮಂದಿಗೆ ಬರುವುದು. ಹದಿಹರೆಯದಲ್ಲಿ ತುಸು ಹೆಚ್ಚು; ಹುಡುಗರಿಗಿಂತ ಹುಡುಗಿಯರಲ್ಲಿ ಹಲವು ಪಟ್ಟು ಹೆಚ್ಚು. ಇತರ ಕ್ಯಾನ್ಸರುಗಳೊಡನೆ ಹೋಲಿಸಿದರೆ ಇದು ಬಹಳ ಸೌಮ್ಯವಾದುದು. ಕೊರಳಿನ ಇತರ ಗಂಟುಗಳಿಗೆ ಹರಡಿದ್ದರೂ ಸರಿಯಾದ ಚಿಕಿತ್ಸೆ ಪಡೆದ ಮಕ್ಕಳಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತಲೂ ಹೆಚ್ಚು ಮಂದಿ ಬದುಕಿ ಬಾಳುತ್ತಾರೆ.

ಹೀಗಿದ್ದರೂ ಕಳೆದ ಕೆಲವು ದಶಕಗಳಲ್ಲಿ ಈ ರೋಗದ ಲೆಕ್ಕ ಅನೇಕ ದೇಶಗಳಲ್ಲಿ ಏರುತ್ತ ಬಂದಿದೆ ಎಂಬುದು ನಿಜ. ಫ್ರಾನ್ಸಿನ ಲಿಯೋನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ವಿದ್ವಾಂಸರು ಹಲವಾರು ದೇಶಗಳ ದಾಖಲೆಗಳನ್ನು ಒಟ್ಟುಗೂಡಿಸಿ ೨೦೨೧ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ಕಂಡಿದ್ದಾರೆ. ಏರಿದೆ ಎಂಬುದು ಅಂಕಿ. ಏಕೆ ಏರಿದೆ ಎಂಬುದು ಬೇರೆ ಪ್ರಶ್ನೆ. ಇವೆರಡನ್ನೂ ಒಂದೇ ಎಂದು ಭಾವಿಸಿದರೆ ಏನಾಗುವುದೆಂಬುದಕ್ಕೆ ಎರಡು ದೇಶಗಳ ಕಥೆ ನಿದರ್ಶನವಾಗಿದೆ. ಒಂದು ಬೆಲಾರೂಸ್, ಇನ್ನೊಂದು ಜಪಾನ್.

ಬೆಲಾರೂಸಿನ ಮಕ್ಕಳು

೧೯೮೬ನೆಯ ಇಸವಿ ಏಪ್ರಿಲ್ ೨೬ರ ನಡುರಾತ್ರಿ ಕಳೆದ ಮೇಲೆ, ಆಗಿನ ಸೋವಿಯೆತ್ ಒಕ್ಕೂಟಕ್ಕೆ ಸೇರಿದ್ದ ಯುಕ್ರೇನಿನ ಚೆರ್ನೋಬಿಲ್ ಪರಮಾಣು ವಿದ್ಯುತ್ ಸ್ಥಾವರದ ನಾಲ್ಕನೆಯ ಘಟಕ ಸ್ಫೋಟಗೊಂಡಿತು. ಅದರಿಂದ ಹೊರಬಿದ್ದ ವಸ್ತುಗಳಲ್ಲಿ ಅಯೋಡಿನ್-೧೩೧ ಎಂಬುದೊಂದು. ಇದು ಸಾಮಾನ್ಯ ಅಯೋಡಿನ್ನಿನಂತೆಯೇ ವರ್ತಿಸುವುದು. ಆದರೆ ವಿಕಿರಣವನ್ನು ಸೂಸುವುದು. ಇದರ ಅರ್ಧಾಯುಷ್ಯ ಎಂಟು ದಿನ. ಅಂದರೆ ಎಂಟು ದಿನಗಳಲ್ಲಿ ಅರ್ಧ, ಮತ್ತೆಂಟು ದಿನಗಳಲ್ಲಿ ಉಳಿದುದರ ಅರ್ಧ, ಹೀಗೆ ಸವೆಯುತ್ತ ಎರಡು ಮೂರು ತಿಂಗಳೊಳಗೆ ಹೆಚ್ಚುಕಡಮೆ ಇಲ್ಲದಂತಾಗುತ್ತದೆ. ಆದುದರಿಂದ ಮೊದಲ ಕೆಲವು ವಾರಗಳೇ ಮುಖ್ಯವಾದ ಕಾಲ.

ಗಾಳಿ ಆ ಮೋಡವನ್ನು ಉತ್ತರಕ್ಕೆ ಒಯ್ದು ಬೆಲಾರೂಸಿನ ಗೋಮೆಲ್ ಪ್ರಾಂತದ ಹುಲ್ಲುಗಾವಲುಗಳ ಮೇಲೆ ಇಳಿಸಿತು. ಹಸುಗಳು ಆ ಹುಲ್ಲನ್ನು ಮೇದವು. ಹುಲ್ಲಿನಲ್ಲಿದ್ದ ಅಯೋಡಿನ್ ಹಾಲಿಗೆ ಬಂದಿತು. ಹಳ್ಳಿಯ ತಾಯಂದಿರು, ಎಲ್ಲ ತಾಯಂದಿರಂತೆ, ಹಾಲನ್ನು ಮೊದಲು ಮಕ್ಕಳಿಗೆ ಕೊಟ್ಟರು. ಮಕ್ಕಳ ಪುಟ್ಟ ಥೈರಾಯಿಡ್ ಗ್ರಂಥಿ ಸಹಜವಾದ ತನ್ನ ಆಸೆಯಿಂದ ಅದನ್ನು ಹಿಡಿದಿಟ್ಟುಕೊಂಡಿತು. ಒಂದೇ ಲೋಟ ಹಾಲಿನಿಂದ ಬಂದ ವಿಕಿರಣವು ಇಪ್ಪತ್ತು ಗ್ರಾಮಿನ ಗ್ರಂಥಿಯಲ್ಲಿ ಹಂಚಿಹೋಗುವುದಕ್ಕೂ ಎರಡು ಗ್ರಾಮಿನ ಗ್ರಂಥಿಯಲ್ಲಿ ಕೂಡಿಬೀಳುವುದಕ್ಕೂ ಇರುವ ಅಂತರವನ್ನು ವಿದ್ಯಾರ್ಥಿಗಳೇ ಊಹಿಸಬಲ್ಲರು. ಅದರ ಮೇಲೆ ಆ ಪ್ರದೇಶದ ಆಹಾರದಲ್ಲಿ ಮೊದಲೇ ಅಯೋಡಿನ್ ಕೊರತೆಯಿತ್ತು. ಹಸಿದ ಗ್ರಂಥಿ ಹೆಚ್ಚು ನುಂಗಿತು.

ಇದನ್ನು ತಡೆಯಲು ಸಾಧ್ಯವಿರಲಿಲ್ಲವೆ? ಸಾಧ್ಯವಿತ್ತು. ೧೯೫೭ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ವಿಂಡ್‌ಸ್ಕೇಲ್ ಸ್ಥಾವರಕ್ಕೆ ಬೆಂಕಿ ಬಿದ್ದಾಗ, ಅಲ್ಲಿನ ಅಧಿಕಾರಿಗಳು ಸುತ್ತಣ ಸುಮಾರು ಐನೂರು ಚದರ ಕಿಲೋಮೀಟರು ಪ್ರದೇಶದ ಹಾಲನ್ನು ಮಾರಾಟವಾಗದಂತೆ ತಡೆದು ಚೆಲ್ಲಿಸಿದ್ದರು. ಹಾಲಿನ ದಾರಿ ಚೆರ್ನೋಬಿಲ್ಲಿಗೆ ಮೊದಲೇ ತಿಳಿದ ದಾರಿ. ೧೯೮೬ರಲ್ಲಿಯೂ ನೆರೆಯ ಪೋಲೆಂಡ್ ಏಪ್ರಿಲ್ ೨೯ರಿಂದಲೇ ಒಂದು ಕೋಟಿಗೂ ಮೀರಿದ ಮಕ್ಕಳಿಗೆ ಪೊಟ್ಯಾಸಿಯಂ ಅಯೋಡೈಡ್ ಎಂಬ ಔಷಧವನ್ನು ಕುಡಿಸಿತು. ಗ್ರಂಥಿ ಒಳ್ಳೆಯ ಅಯೋಡಿನ್ನಿನಿಂದ ಮೊದಲೇ ತುಂಬಿದ್ದರೆ ಕೆಟ್ಟ ಅಯೋಡಿನ್ನಿಗೆ ಅಲ್ಲಿ ಎಡೆಯಿರುವುದಿಲ್ಲ ಎಂಬುದೇ ಇದರ ತತ್ತ್ವ. ಆದರೆ ಸೋವಿಯೆತ್ ಸರಕಾರ ಅಪಘಾತವನ್ನು ಜಗತ್ತಿಗೆ ತಿಳಿಸಿದ್ದು ಏಪ್ರಿಲ್ ೨೮ರ ಸಂಜೆ, ಸ್ವೀಡನ್ನಿನ ಸ್ಥಾವರವೊಂದರಲ್ಲಿ ವಿಕಿರಣ ಪತ್ತೆಯಾದ ಮೇಲೆ. ಸ್ಥಾವರದ ಪಕ್ಕದ ಪ್ರಿಪ್ಯತ್ ನಗರದ ಜನರಿಗೆ ಔಷಧ ಹಂಚಿ ಏಪ್ರಿಲ್ ೨೭ರಂದು ಅವರನ್ನು ಹೊರಗೆ ಸಾಗಿಸಿದರೂ, ದೂರದ ಹಳ್ಳಿಗಳ ತಾಯಂದಿರಿಗೆ ಹಾಲು ಕೊಡಬೇಡಿರೆಂಬ ಒಂದು ಮಾತು ಹೊತ್ತಿಗೆ ತಲುಪಲಿಲ್ಲ. ವಿಜ್ಞಾನಕ್ಕೆ ತಿಳಿದಿತ್ತು, ತಿಳಿದುದು ಮನೆಯ ಬಾಗಿಲಿಗೆ ಬರಲಿಲ್ಲ.

ಏರಿದ ಅಂಕಿ, ನಂಬದ ಪಂಡಿತರು

ಬೆಲಾರೂಸಿನ ರಾಜಧಾನಿ ಮಿನ್ಸ್ಕ್ ನಗರದಲ್ಲಿ ಎವ್ಗೆನಿ ದೆಮಿದ್ಚಿಕ್ ಎಂಬ ಶಸ್ತ್ರವೈದ್ಯರಿದ್ದರು. ೧೯೮೬ರಿಂದ ೧೯೮೯ರ ವರೆಗೆ ಇಡೀ ದೇಶದಲ್ಲಿ ಮಕ್ಕಳ ಥೈರಾಯಿಡ್ ಕ್ಯಾನ್ಸರ್ ವರ್ಷಕ್ಕೆ ಸರಾಸರಿ ನಾಲ್ಕು ಮಾತ್ರ ಕಾಣಿಸುತ್ತಿತ್ತು. ೧೯೯೧ರಲ್ಲಿ ಅದು ೫೫ಕ್ಕೆ ಏರಿತು. ಅವರೂ ಅವರ ಸಹೋದ್ಯೋಗಿಗಳಾದ ಕಜಕೋವ್ ಮತ್ತು ಅಸ್ತಖೋವಾ ಎಂಬವರೂ ೧೯೯೨ರ ಸೆಪ್ಟೆಂಬರಿನಲ್ಲಿ 'ನೇಚರ್' ಎಂಬ ಪ್ರಸಿದ್ಧ ವಿಜ್ಞಾನ ಪತ್ರಿಕೆಗೆ ಪತ್ರ ಬರೆದು ಇದನ್ನು ಲೋಕಕ್ಕೆ ತಿಳಿಸಿದರು.

ಈ ಅಂಕಿಯನ್ನು ವಿದ್ಯಾರ್ಥಿಗಳು ದರವಾಗಿ ಪರಿವರ್ತಿಸಿ ನೋಡಲಿ. ಆ ಕಾಲದಲ್ಲಿ ಬೆಲಾರೂಸಿನಲ್ಲಿ ಹದಿನೈದು ವರ್ಷದೊಳಗಿನ ಮಕ್ಕಳು ಸುಮಾರು ೨೩ ಲಕ್ಷ. ೫೫ನ್ನು ೨೩ರಿಂದ ಭಾಗಿಸಿ ಹತ್ತರಿಂದ ಗುಣಿಸಿದರೆ, ಹತ್ತು ಲಕ್ಷ ಮಕ್ಕಳಿಗೆ ವರ್ಷಕ್ಕೆ ಸುಮಾರು ೨೪ ಎಂದಾಗುತ್ತದೆ. ಮೊದಲಿದ್ದ ನಾಲ್ಕನ್ನು ಹಾಗೆಯೇ ಲೆಕ್ಕ ಹಾಕಿದರೆ ಎರಡಕ್ಕೂ ಕಡಮೆ.

ಆದರೆ ಅನೇಕ ಪಂಡಿತರು ಇದನ್ನು ಕೂಡಲೇ ಒಪ್ಪಲಿಲ್ಲ. ಅವರ ವಾದಕ್ಕೂ ಆಧಾರವಿತ್ತು. ವಿಕಿರಣದಿಂದ ಬರುವ ಕ್ಯಾನ್ಸರಿಗೆ ಇನ್ನೂ ದೀರ್ಘಕಾಲ ಬೇಕೆಂದು ಅವರು ತಿಳಿದಿದ್ದರು. ರೋಗ ಚಿಕಿತ್ಸೆಗಾಗಿ ಅಯೋಡಿನ್-೧೩೧ನ್ನು ಪಡೆದ ವಯಸ್ಕರಲ್ಲಿ ಇಂಥ ಪರಿಣಾಮ ಅಷ್ಟಾಗಿ ಕಂಡಿರಲಿಲ್ಲ. ಅಪಘಾತದ ತರುವಾಯ ವೈದ್ಯರು ಮಕ್ಕಳ ಕೊರಳನ್ನು ಎಂದಿಗಿಂತ ಎಚ್ಚರದಿಂದ ಪರೀಕ್ಷಿಸುತ್ತಿದ್ದುದರಿಂದ, ಹುಡುಕಿದ್ದಕ್ಕೇ ಸಿಕ್ಕಿತು, ರೋಗ ಹೆಚ್ಚಿದುದಲ್ಲ ಎಂದು ಅವರು ತರ್ಕಿಸಿದರು.

ಈ ತರ್ಕವನ್ನು ಪರೀಕ್ಷೆಗೆ ಒಡ್ಡಿದುದು ಹೇಗೆಂಬುದು ಮನನೀಯವಾಗಿದೆ. ಹುಡುಕಿದ್ದಕ್ಕೇ ಸಿಕ್ಕಿದುದಾದರೆ, ಅಪಘಾತದ ಅನಂತರ ಹುಟ್ಟಿದ ಮಕ್ಕಳಲ್ಲಿಯೂ ಅಷ್ಟೇ ಸಿಕ್ಕಬೇಕು. ಏಕೆಂದರೆ ಅವರನ್ನೂ ಅದೇ ಯಂತ್ರದಿಂದ ಅದೇ ರೀತಿ ಪರೀಕ್ಷಿಸಬಹುದು. ಅಯೋಡಿನ್-೧೩೧ ಕಾರಣವಾದರೆ, ಅದು ಪೂರ್ತಿಯಾಗಿ ಸವೆದ ಮೇಲೆ ಹುಟ್ಟಿದವರಲ್ಲಿ ಸಿಕ್ಕಬಾರದು. ಗೋಮೆಲ್ ಪ್ರಾಂತದಲ್ಲಿ ಹೀಗೆ ಪರೀಕ್ಷಿಸಿದ ಫಲಿತಾಂಶ ೨೦೦೧ರಲ್ಲಿ ಪ್ರಕಟವಾಯಿತು. ಅಪಘಾತಕ್ಕೆ ಮುಂಚಿನ ಮೂರು ಚಿಲ್ಲರೆ ವರ್ಷಗಳಲ್ಲಿ ಹುಟ್ಟಿದ ೯,೭೨೦ ಮಕ್ಕಳಲ್ಲಿ ೩೧ ಮಂದಿಗೆ ಕ್ಯಾನ್ಸರ್ ಕಂಡಿತು. ೧೯೮೭ರಿಂದ ೧೯೮೯ರ ವರೆಗೆ ಹುಟ್ಟಿದ ೯,೪೭೨ ಮಕ್ಕಳಲ್ಲಿ ಒಬ್ಬರಿಗೂ ಕಾಣಲಿಲ್ಲ. ಒಂದೇ ಊರು, ಒಂದೇ ಯಂತ್ರ, ಒಂದೇ ಬಗೆಯ ಕಣ್ಣು. ಬೇರೆಯಾಗಿದ್ದುದು ಆ ವಸಂತ ಋತುವಿನ ಹಾಲು ಮಾತ್ರ. ಇಲ್ಲಿ ಮಿನ್ಸ್ಕಿನ ವೈದ್ಯರ ಮಾತೇ ಸರಿಯಾಗಿತ್ತು.

ಒಟ್ಟು ಲೆಕ್ಕವನ್ನೂ ಹೇಳಬೇಕು. ೧೯೯೧ರಿಂದ ೨೦೦೫ರ ವರೆಗೆ, ಅಪಘಾತದ ಕಾಲದಲ್ಲಿ ಹದಿನೆಂಟು ವರ್ಷದೊಳಗಿದ್ದವರಲ್ಲಿ, ಬೆಲಾರೂಸ್, ಯುಕ್ರೇನ್ ಮತ್ತು ರಷ್ಯದ ನಾಲ್ಕು ಪ್ರಾಂತಗಳನ್ನು ಸೇರಿಸಿ ೬,೮೪೮ ಮಂದಿಗೆ ಈ ರೋಗ ಕಂಡಿತು. ೨೦೦೫ರ ವರೆಗೆ ಅದರಿಂದ ತೀರಿಕೊಂಡವರು ಹದಿನೈದು ಮಂದಿ. ೨೦೧೫ರ ವರೆಗೆ ಲೆಕ್ಕ ಹಿಡಿದಾಗ ಸಂಖ್ಯೆ ೧೯,೨೩೩ಕ್ಕೆ ಏರಿತ್ತು. ಆದರೆ ಇವರೆಲ್ಲರ ರೋಗಕ್ಕೂ ವಿಕಿರಣವೇ ಕಾರಣವೆಂದಲ್ಲ. ಈ ವಿಷಯವನ್ನು ಪರಿಶೀಲಿಸುವ ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿಯ ಅಂದಾಜಿನಂತೆ ಸುಮಾರು ಕಾಲು ಭಾಗ ಮಾತ್ರ ವಿಕಿರಣದ ಫಲ. ಉಳಿದುದಕ್ಕೆ ಆ ಮಕ್ಕಳು ದೊಡ್ಡವರಾದುದು, ವಯಸ್ಸಿನೊಡನೆ ಸಹಜವಾಗಿ ರೋಗ ಹೆಚ್ಚುವುದು, ಪರೀಕ್ಷೆಯ ಸಾಧನಗಳು ಸೂಕ್ಷ್ಮವಾದುದು ಇತ್ಯಾದಿ ಕಾರಣಗಳು. ನಿಜವಾದ ಏರಿಕೆಯ ಒಳಗೂ ತೋರಿಕೆಯ ಏರಿಕೆ ಬೆರೆತಿರಬಹುದೆಂಬುದನ್ನು ಇಲ್ಲಿ ಗಮನಿಸತಕ್ಕದ್ದು.

ಫುಕುಶಿಮಾದ ಲೆಕ್ಕ

೨೦೧೧ರ ಮಾರ್ಚ್ ೧೧ರಂದು ಜಪಾನಿನಲ್ಲಿ ಭಾರಿ ಭೂಕಂಪವೂ ಸಮುದ್ರದ ಉಬ್ಬರವೂ ಸಂಭವಿಸಿ ಫುಕುಶಿಮಾ ಪರಮಾಣು ಸ್ಥಾವರ ಕೆಟ್ಟಿತು. ಚೆರ್ನೋಬಿಲ್ಲಿನ ಪಾಠ ಜಪಾನಿಗೆ ನೆನಪಿತ್ತು. ಸುತ್ತಣ ಜನರನ್ನು ಬೇಗನೆ ಸಾಗಿಸಿದರು. ಕೆಲವೇ ದಿನಗಳಲ್ಲಿ ಹಾಲು ಮತ್ತು ಸೊಪ್ಪಿನ ಸಾಗಣೆಯನ್ನು ತಡೆದರು. ಮಕ್ಕಳ ಥೈರಾಯಿಡಿಗೆ ತಗುಲಿದ ವಿಕಿರಣ ಬೆಲಾರೂಸಿಗಿಂತ ಬಹಳ ಕಡಮೆಯಾಗಿತ್ತು.

ಆದರೂ ತಾಯ್ತಂದೆಗಳ ಕಳವಳವನ್ನು ನೀಗಿಸಲು, ಅಪಘಾತದ ವೇಳೆಗೆ ಹದಿನೆಂಟು ವರ್ಷದೊಳಗಿದ್ದ ಆ ಪ್ರಾಂತದ ಎಲ್ಲ ಮಕ್ಕಳನ್ನೂ ಶ್ರವಣಾತೀತ ಶಬ್ದದ ಅಲೆಗಳಿಂದ, ಎಂದರೆ ಅಲ್ಟ್ರಾಸೌಂಡ್ ಯಂತ್ರದಿಂದ, ಪರೀಕ್ಷಿಸುವ ಕಾರ್ಯವನ್ನು ೨೦೧೧ರ ಅಕ್ಟೋಬರಿನಲ್ಲಿ ಪ್ರಾರಂಭಿಸಿದರು. ಮೊದಲ ಸುತ್ತಿನಲ್ಲಿ ಸುಮಾರು ೩ ಲಕ್ಷ ಮಕ್ಕಳನ್ನು ನೋಡಿದರು. ಕ್ಯಾನ್ಸರ್ ಎಂದೋ ಅದರ ಶಂಕೆಯೆಂದೋ ತೀರ್ಮಾನವಾದವರು ೧೧೬ ಮಂದಿ. ಇವರಲ್ಲಿ ಒಬ್ಬರದು ಮುಂದೆ ನಿರಪಾಯವೆಂದು ತಿಳಿಯಿತು. ಹತ್ತು ಲಕ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು ೩೮೭. ಬೆಲಾರೂಸಿನ ದರ ೨೪ ಆಗಿತ್ತಷ್ಟೆ. ಬರಿಯ ಅಂಕಿಯನ್ನು ನೋಡಿದವರು ಜಪಾನಿನ ಸ್ಥಿತಿ ಹದಿನಾರು ಪಟ್ಟು ಭಯಂಕರವೆಂದು ಹೇಳಬೇಕಾಗುತ್ತದೆ. ಅದು ಸರಿಯೆ?

ಮೊದಲನೆಯದಾಗಿ, ಈ ಎರಡು ಸಂಖ್ಯೆಗಳು ಒಂದೇ ಜಾತಿಯವಲ್ಲ. ೨೪ ಎಂಬುದು ಒಂದು ವರ್ಷದಲ್ಲಿ ಹೊಸದಾಗಿ ಕಂಡ ರೋಗ. ೩೮೭ ಎಂಬುದು ಎಷ್ಟೋ ವರ್ಷಗಳಿಂದ ಯಾರಿಗೂ ತಿಳಿಯದಂತೆ ಕೊರಳಿನಲ್ಲಿ ಕುಳಿತಿದ್ದುದೆಲ್ಲವನ್ನೂ ಒಮ್ಮೆಲೇ ಎಣಿಸಿದ ಮೊತ್ತ. ದೊಡ್ಡ ಕಣ್ಣಿನ ಬಲೆಯನ್ನು ಬೀಸುವ ಬೆಸ್ತನಿಗೆ ದೊಡ್ಡ ಮೀನು ಮಾತ್ರ ಸಿಕ್ಕುತ್ತದೆ. ಸಣ್ಣ ಕಣ್ಣಿನ ಬಲೆಯಿಂದ ಹೊಳೆಯನ್ನೆಲ್ಲ ಗೋರಿದರೆ ಬುಟ್ಟಿ ತುಂಬುತ್ತದೆ. ಅದರಿಂದ ಹೊಳೆಯಲ್ಲಿ ಮೀನು ಹೆಚ್ಚಿತೆಂದು ಹೇಳಲಾಗದು.

ಎರಡನೆಯದಾಗಿ, ವಯಸ್ಸು. ಬೆಲಾರೂಸಿನಲ್ಲಿ ಹೆಚ್ಚು ಪೀಡಿತರಾದವರು ಅಪಘಾತದ ಕಾಲದಲ್ಲಿ ಶಿಶುಗಳಾಗಿದ್ದವರು. ಫುಕುಶಿಮಾದ ಮೊದಲ ಸುತ್ತಿನಲ್ಲಿ ಸಿಕ್ಕಿದವರಲ್ಲಿ, ಅಪಘಾತದ ವೇಳೆಗೆ ಐದು ವರ್ಷ ಮೀರದ ಮಗು ಒಂದೂ ಇರಲಿಲ್ಲ; ಹೆಚ್ಚಿನವರು ಹದಿಹರೆಯದವರು. ಮೂರನೆಯದಾಗಿ, ಕಾಲ. ಬೆಲಾರೂಸಿನಲ್ಲಿ ಏರಿಕೆ ಸ್ಪಷ್ಟವಾದುದು ನಾಲ್ಕನೆಯ ವರ್ಷದಿಂದ. ಇಲ್ಲಿ ಒಂದೆರಡು ವರ್ಷದಲ್ಲೇ ರೋಗ ಸಿಕ್ಕತೊಡಗಿತು. ನಾಲ್ಕನೆಯದಾಗಿ, ಅಪಘಾತದ ಸೋಂಕಿಲ್ಲದ ಅವೊಮೋರಿ, ಯಮನಾಶಿ, ನಾಗಾಸಾಕಿ ಎಂಬ ಮೂರು ದೂರದ ಪ್ರಾಂತಗಳಲ್ಲಿ ೪,೩೬೫ ಮಕ್ಕಳನ್ನು ಅದೇ ಬಗೆಯ ಯಂತ್ರದಿಂದ ನೋಡಿದಾಗ, ಗಂಟುಗಳೂ ನೀರುಗುಳ್ಳೆಗಳೂ ಅಲ್ಲಿಯೂ ಕಡಮೆಯೇನೂ ಇರಲಿಲ್ಲ.

ಇದು ವಿಕಿರಣದಿಂದಲೇ ಆದುದೆಂದು ವಾದಿಸಿದ ವಿದ್ವಾಂಸರೂ ಇದ್ದಾರೆ. ಅವರ ವಾದವನ್ನೂ ಪರಿಶೀಲಿಸಲಾಗಿದೆ. ಮೇಲೆ ಹೇಳಿದ ವಿಶ್ವಸಂಸ್ಥೆಯ ಸಮಿತಿ ೨೦೨೧ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಈ ಹೆಚ್ಚಳ ವಿಕಿರಣದ ಪರಿಣಾಮವಾಗಿ ತೋರುವುದಿಲ್ಲ, ಅತಿಸೂಕ್ಷ್ಮವಾದ ತಪಾಸಣೆಯ ಪರಿಣಾಮವಾಗಿರಬೇಕು ಎಂಬ ನಿರ್ಣಯಕ್ಕೆ ಬಂದಿತು.

ಕಥೆಯ ವೈಚಿತ್ರ್ಯವನ್ನು ನೋಡಿರಿ. ಬೆಲಾರೂಸಿನಲ್ಲಿ, ಹುಡುಕಿದ್ದಕ್ಕೇ ಸಿಕ್ಕಿತು ಎಂದವರು ಸೋತರು. ಜಪಾನಿನಲ್ಲಿ ಅದೇ ಮಾತು ಹೆಚ್ಚು ಸಮಂಜಸವೆಂದು ತೋರಿತು. ಎರಡು ಕಡೆಗಳಲ್ಲಿಯೂ ಅಂಕಿ ಏರಿತ್ತು. ಏರಿದ ಅಂಕಿ ತಾನೇ ತನ್ನ ಕಾರಣವನ್ನು ಹೇಳುವುದಿಲ್ಲ. ನಮ್ಮ ಭಯವಾಗಲಿ ನಮ್ಮ ಧೈರ್ಯವಾಗಲಿ ಅದನ್ನು ತೀರ್ಮಾನಿಸಲಾರದು. ವಯಸ್ಸು, ಕಾಲ, ಸ್ಥಳ, ಹೋಲಿಕೆ ಇವುಗಳನ್ನು ಒಂದೊಂದಾಗಿ ಕೇಳಿಯೇ ತೀರ್ಮಾನಿಸಬೇಕು.

ಹುಡುಕಿದರೆ ನಷ್ಟವೇನು?

ಬೇಗ ಹುಡುಕಿದರೆ ಒಳ್ಳೆಯದೇ ಅಲ್ಲವೆ ಎಂದು ಪೋಷಕರು ಕೇಳಬಹುದು. ಅನೇಕ ರೋಗಗಳಲ್ಲಿ ಅದು ನಿಜ. ಈ ರೋಗದಲ್ಲಿ ಮಾತ್ರ ಸ್ವಲ್ಪ ವಿವೇಚನೆ ಬೇಕು. ಫಿನ್ಲೆಂಡಿನಲ್ಲಿ ೧೯೮೫ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ೧೦೧ ಮೃತದೇಹಗಳ ಥೈರಾಯಿಡನ್ನು ಸೂಕ್ಷ್ಮವಾಗಿ ಪರೀಕ್ಷಿಸಿದಾಗ, ೩೬ರಲ್ಲಿ ಕಣ್ಣಿಗೆ ಬೀಳದಷ್ಟು ಚಿಕ್ಕ ಕ್ಯಾನ್ಸರ್ ಇತ್ತು. ಅದು ಅವರಿಗೆ ಬದುಕಿರುವಾಗ ಯಾವ ತೊಂದರೆಯನ್ನೂ ಕೊಟ್ಟಿರಲಿಲ್ಲ. ಎಂದರೆ, ಎಂದಿಗೂ ಕಾಡದ ರೋಗವೂ ಒಂದುಂಟು. ಅದನ್ನು ಹೆಕ್ಕಿ ತೆಗೆದು ಚಿಕಿತ್ಸೆ ಮಾಡುವುದನ್ನು ಅತಿನಿದಾನವೆನ್ನಬಹುದು.

ದಕ್ಷಿಣ ಕೊರಿಯದ ವಯಸ್ಕರಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ನಡೆಯಿತು. ಇತರ ಕ್ಯಾನ್ಸರುಗಳ ತಪಾಸಣೆಗೆ ಬಂದವರ ಕೊರಳನ್ನೂ ಯಂತ್ರದಿಂದ ನೋಡುವ ರೂಢಿ ಬೆಳೆದು, ೨೦೧೧ರ ಹೊತ್ತಿಗೆ ಥೈರಾಯಿಡ್ ಕ್ಯಾನ್ಸರಿನ ದರ ೧೯೯೩ರ ಹದಿನೈದು ಪಟ್ಟಾಯಿತು. ಆದರೆ ಆ ರೋಗದಿಂದ ಸಾಯುವವರ ಸಂಖ್ಯೆ ಏರಲೂ ಇಲ್ಲ, ಇಳಿಯಲೂ ಇಲ್ಲ. ಬಹುಮಂದಿ ಶಸ್ತ್ರಚಿಕಿತ್ಸೆಗೆ ಒಳಗಾದರು. ಅವರಲ್ಲಿ ನೂರಕ್ಕೆ ಸುಮಾರು ಹನ್ನೊಂದು ಮಂದಿಗೆ ದೇಹದ ಸುಣ್ಣದಂಶವನ್ನು ಹದದಲ್ಲಿಡುವ ಪಕ್ಕದ ಗ್ರಂಥಿಗಳು ಕೆಟ್ಟವು. ಇಬ್ಬರ ಧ್ವನಿತಂತು ಸ್ವಾಧೀನ ತಪ್ಪಿತು. ಗ್ರಂಥಿಯನ್ನು ಪೂರ್ತಿ ತೆಗೆದವರು ಜೀವವಿರುವವರೆಗೆ ದಿನವೂ ಮಾತ್ರೆ ನುಂಗಬೇಕು. ೨೦೧೪ರಲ್ಲಿ ಅಲ್ಲಿಯ ಕೆಲವು ವೈದ್ಯರೇ ಇದರ ವಿರುದ್ಧ ದನಿಯೆತ್ತಿದ ಮೇಲೆ, ಒಂದೇ ವರ್ಷದಲ್ಲಿ ಇಂಥ ಶಸ್ತ್ರಚಿಕಿತ್ಸೆಗಳು ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕಡಮೆಯಾದವು.

ಬೆಳೆದವರಿಗೆ ಹೀಗಾದರೆ, ಮುಂದೆ ಆರೇಳು ದಶಕ ಬಾಳಬೇಕಾದ ಮಗುವಿಗೆ ಅನಾವಶ್ಯಕವಾದ ಶಸ್ತ್ರಚಿಕಿತ್ಸೆ ಎಷ್ಟು ಭಾರವೆಂಬುದನ್ನು ಹೇಳಬೇಕಾಗಿಲ್ಲ. ಆದಕಾರಣವೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತಜ್ಞರು, ಪರಮಾಣು ಅಪಘಾತದ ಅನಂತರ ಕೂಡ ಊರಿನ ಮಕ್ಕಳನ್ನೆಲ್ಲ ಸಾಮೂಹಿಕವಾಗಿ ತಪಾಸಣೆ ಮಾಡಬಾರದೆಂದೂ, ಹೆಚ್ಚು ವಿಕಿರಣಕ್ಕೆ ಒಳಗಾದ ಮಕ್ಕಳನ್ನು ಮಾತ್ರ ಅವರ ಮತ್ತು ಪೋಷಕರ ಒಪ್ಪಿಗೆಯಿಂದ ಗಮನಿಸುತ್ತಿರಬಹುದೆಂದೂ ೨೦೧೮ರಲ್ಲಿ ಸಲಹೆಯಿತ್ತರು.

ಹಾಗೆಂದು ಎಲ್ಲ ಏರಿಕೆಯೂ ತೋರಿಕೆಯೆಂದು ಹೇಳಿ ಕೈತೊಳೆದುಕೊಳ್ಳುವುದೂ ತರವಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಮಕ್ಕಳ ಥೈರಾಯಿಡ್ ಕ್ಯಾನ್ಸರ್ ೧೯೭೩ರಿಂದ ೨೦೦೬ರ ವರೆಗೆ ವರ್ಷಕ್ಕೆ ನೂರಕ್ಕೆ ಒಂದರಂತೆ ನಿಧಾನವಾಗಿ ಏರಿ, ಅಲ್ಲಿಂದ ೨೦೧೩ರ ವರೆಗೆ ವರ್ಷಕ್ಕೆ ನೂರಕ್ಕೆ ಒಂಬತ್ತಕ್ಕಿಂತ ಹೆಚ್ಚಿನ ವೇಗದಲ್ಲಿ ಏರಿತು. ಯಂತ್ರಕ್ಕೆ ಮಾತ್ರ ಕಾಣುವ ಚಿಕ್ಕ ಗಂಟುಗಳಷ್ಟೇ ಅಲ್ಲದೆ ದೊಡ್ಡ ಗಂಟುಗಳೂ ಹೆಚ್ಚಿದವು. ಆದ್ದರಿಂದ ತಪಾಸಣೆಯೊಂದೇ ಕಾರಣವಾಗಿರಲಾರದೆಂದು ಅದನ್ನು ಅಧ್ಯಯನ ಮಾಡಿದವರು ಹೇಳುತ್ತಾರೆ.

ಬಾಲ್ಯದಲ್ಲಿ ಕೊರಳಿಗೆ ತಗುಲುವ ಕ್ಷಕಿರಣಗಳ ವಿಷಯದಲ್ಲಿಯೂ ಎಚ್ಚರ ಅಗತ್ಯ. ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಶಿಶುಗಳ ಎದೆಯ ಥೈಮಸ್ ಗ್ರಂಥಿಯನ್ನು ಕುಗ್ಗಿಸಲೂ, ಮಕ್ಕಳ ತಲೆಯ ಹುಳುಕಡ್ಡಿಯನ್ನು ಗುಣಪಡಿಸಲೂ ವೈದ್ಯರು ಕ್ಷಕಿರಣಗಳನ್ನು ಧಾರಾಳವಾಗಿ ಬಳಸುತ್ತಿದ್ದರು. ಅಂಥ ಮಕ್ಕಳಲ್ಲಿ ಮುಂದೆ ಥೈರಾಯಿಡ್ ಕ್ಯಾನ್ಸರ್ ಹೆಚ್ಚಾಗಿ ಕಂಡಿತು. ಇಂಥ ಏಳು ಅಧ್ಯಯನಗಳನ್ನು ಒಟ್ಟುಗೂಡಿಸಿ ೧೯೯೫ರಲ್ಲಿ ನೋಡಿದಾಗ, ವಿಕಿರಣ ತಗುಲಿದ ವಯಸ್ಸು ಎಳೆಯದಾದಷ್ಟೂ ಅಪಾಯ ಹೆಚ್ಚು, ಇಪ್ಪತ್ತು ವರ್ಷ ದಾಟಿದವರಲ್ಲಿ ಅದು ಅತ್ಯಲ್ಪ ಎಂದು ಸಿದ್ಧವಾಯಿತು. ಇಂದಿನ ವೈದ್ಯರು ಆ ಚಿಕಿತ್ಸೆಗಳನ್ನು ಕೈಬಿಟ್ಟಿದ್ದಾರೆ.

ನಮ್ಮ ಮನೆಗಳಲ್ಲಿ

ಇನ್ನು ನಮ್ಮ ನಾಡಿನ ಮಾತು. ನಾವು ವಾಸಿಸುವ ಕಾಸರಗೋಡು ಕೇರಳ ರಾಜ್ಯದ ಉತ್ತರದ ತುದಿ. ಅದೇ ರಾಜ್ಯದ ದಕ್ಷಿಣದ ತುದಿಯಲ್ಲಿರುವ ತಿರುವನಂತಪುರ ಜಿಲ್ಲೆಯ ಸ್ತ್ರೀಯರಲ್ಲಿ ಥೈರಾಯಿಡ್ ಕ್ಯಾನ್ಸರಿನ ದರ ಭಾರತದ ಅನೇಕ ಪ್ರದೇಶಗಳಿಗಿಂತ ಬಹಳ ಹೆಚ್ಚೆಂದು ದಾಖಲೆಗಳು ತೋರಿಸುತ್ತವೆ. ಈ ವಾರ್ತೆಯನ್ನು ಓದಿದಾಗಲೂ ಮೇಲಿನ ಪ್ರಶ್ನೆಗಳನ್ನು ಕೇಳಬೇಕು. ವೈದ್ಯರೂ ಯಂತ್ರಗಳೂ ಕೈಗೆಟಕುವಲ್ಲಿ ಹೆಚ್ಚು ಗಂಟುಗಳು ಸಿಕ್ಕುವುದು ಸಹಜ. ಭಾರತದ ದಾಖಲೆಗಳನ್ನು ಪರಿಶೀಲಿಸಿದ ವಿದ್ವಾಂಸರೂ ಅತಿನಿದಾನದ ಪಾಲು ಇದರಲ್ಲಿದೆಯೆಂದು ಕಂಡಿದ್ದಾರೆ.

ಮನೆಯಲ್ಲಿ ಮಾಡಬಹುದಾದ ಮೊದಲ ಕೆಲಸ ಉಪ್ಪಿನದು. ಅಯೋಡಿನ್ ಕೊರತೆಯಿದ್ದ ಕಡೆಗಳಲ್ಲಿ ವಿಕಿರಣದಿಂದ ಬಂದ ಕ್ಯಾನ್ಸರಿನ ಅಪಾಯ ಮೂರು ಪಟ್ಟು ಹೆಚ್ಚಾಗಿತ್ತೆಂದು ಬೆಲಾರೂಸ್ ಮತ್ತು ರಷ್ಯದ ಮಕ್ಕಳನ್ನು ಕುರಿತು ೨೦೦೫ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ವಿಕಿರಣದ ಮಾತು ಹಾಗಿರಲಿ. ಅಯೋಡಿನ್ ಕೊರತೆಯಿಂದ ಗಳಗಂಡವೂ ಮಕ್ಕಳ ಬುದ್ಧಿಯ ಕುಂಠಿತವೂ ಆಗುವುದು ಬಹುಕಾಲದಿಂದ ತಿಳಿದ ವಿಷಯ. ಡಾಕ್ಟರ್ ವಿ. ರಾಮಲಿಂಗಸ್ವಾಮಿಯವರು ೧೯೫೬ರಿಂದ ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ ಕೆಲವು ವಲಯಗಳಿಗೆ ಅಯೋಡಿನ್ ಬೆರೆಸಿದ ಉಪ್ಪನ್ನೂ ಒಂದು ವಲಯಕ್ಕೆ ಸಾದಾ ಉಪ್ಪನ್ನೂ ಒದಗಿಸಿ ಮಕ್ಕಳನ್ನು ಪರೀಕ್ಷಿಸಿದರು. ಆರು ವರ್ಷಗಳಲ್ಲಿ ಅಯೋಡಿನ್ ಉಪ್ಪಿನ ವಲಯಗಳಲ್ಲಿ ಗಳಗಂಡ ಸುಮಾರು ಅರ್ಧಕ್ಕೆ ಇಳಿಯಿತು. ಸಾದಾ ಉಪ್ಪಿನ ವಲಯದಲ್ಲಿ ಇಳಿಯಲಿಲ್ಲ. ೧೯೬೨ರಲ್ಲಿ ಭಾರತ ಸರಕಾರ ಗಳಗಂಡ ನಿಯಂತ್ರಣ ಯೋಜನೆಯನ್ನು ಆರಂಭಿಸಿತು. ೨೦೦೬ರಿಂದ ಅಡುಗೆಗೆ ಅಯೋಡಿನ್ ಇಲ್ಲದ ಉಪ್ಪನ್ನು ಮಾರುವುದು ದೇಶದಲ್ಲೆಲ್ಲ ನಿಷಿದ್ಧವಾಗಿದೆ. ಅಂಥ ಉಪ್ಪನ್ನು ಮುಚ್ಚಿದ ಭರಣಿಯಲ್ಲಿ, ಒಲೆಯ ಶಾಖವೂ ಬಿಸಿಲೂ ತೇವವೂ ತಾಗದಂತೆ ಇಡಬೇಕು. ಇಲ್ಲವಾದರೆ ಅಯೋಡಿನ್ ಹಾರಿಹೋಗುತ್ತದೆ.

ಎರಡನೆಯದು, ಅಯೋಡಿನ್ ಮಾತ್ರೆಗಳನ್ನು ತಾವಾಗಿ ಕೊಂಡು ಮಕ್ಕಳಿಗೆ ಕೊಡಬಾರದು. ಅವು ಪರಮಾ­ಣು ಅಪಘಾತದ ವೇಳೆಯಲ್ಲಿ, ಅಧಿಕಾರಿಗಳು ಹೇಳಿದ ಹೊತ್ತಿಗೆ ಮಾತ್ರ ತೆಗೆದುಕೊಳ್ಳತಕ್ಕವು. ಮೂರನೆಯದು, ಮಗುವಿನ ಕೊರಳಿನಲ್ಲಿ ಗಂಟು ಕಂಡರೆ ವೈದ್ಯರಿಗೆ ತೋರಿಸಲು ತಡಮಾಡಬಾರದು. ಮಕ್ಕಳಲ್ಲಿ ಥೈರಾಯಿಡ್ ಗಂಟುಗಳು ಅಪರೂಪ; ಕಂಡಾಗ ಅದು ಕ್ಯಾನ್ಸರ್ ಆಗಿರುವ ಸಂಭವ ಬೆಳೆದವರಿಗಿಂತ ಹೆಚ್ಚು. ಆದ್ದರಿಂದ ಕಂಡ ಗಂಟನ್ನು ಅಲಕ್ಷಿಸುವುದು ಬೇಡ; ಕಾಣದ ಗಂಟನ್ನು ಹುಡುಕುತ್ತ ಆರೋಗ್ಯವಂತ ಮಗುವನ್ನು ಯಂತ್ರದ ಮುಂದೆ ಮಲಗಿಸುವುದೂ ಬೇಡ. ನಾಲ್ಕನೆಯದು, ವೈದ್ಯರು ಬೇಕೆಂದಾಗ ಕ್ಷಕಿರಣ ಪರೀಕ್ಷೆಗಾಗಲಿ ಸಿ.ಟಿ. ಸ್ಕ್ಯಾನಿಗಾಗಲಿ ಹೆದರಿ ಹಿಂಜರಿಯಬಾರದು. ಅವರು ಬೇಡವೆಂದಾಗ ನಮ್ಮ ಸಮಾಧಾನಕ್ಕೆಂದು ಅದನ್ನು ಮಾಡಿಸಬೇಕೆಂದು ಒತ್ತಾಯಿಸಲೂಬಾರದು.

ಕೊನೆಯ ಮಾತು

ಆ ತಾಯಿ ಕೇಳಿದ ಪ್ರಶ್ನೆಗೆ ನಾವು ಈಗ ಕೊಡಬಹುದಾದ ಉತ್ತರ ಇಷ್ಟು. ಅಂಕಿ ಏರುತ್ತಿರುವುದು ನಿಜ. ಬೆಲಾರೂಸಿನಲ್ಲಿ ಅದರ ಕಾರಣ ವಿಕಿರಣ ಬೆರೆತ ಹಾಲು. ಇತರ ಅನೇಕ ಕಡೆಗಳಲ್ಲಿ ಬಹುಪಾಲು ನಮ್ಮ ಕಣ್ಣು ಸೂಕ್ಷ್ಮವಾದುದು. ಎಲ್ಲವೂ ಅದೇ ಅಲ್ಲ. ಎಲ್ಲಿಯೂ ಮಕ್ಕಳ ಸಾವು ಅಂಕಿಯೊಡನೆ ಏರಿಲ್ಲ. ತಾಯಿ ಮನೆಯಲ್ಲಿ ಕೊಟ್ಟ ಅನ್ನದಲ್ಲಿ ತಪ್ಪಿರಲಿಲ್ಲ. ಗೋಮೆಲ್ಲಿನ ತಾಯಂದಿರದೂ ತಪ್ಪಿರಲಿಲ್ಲ; ತಿಳಿಸಬೇಕಾದವರು ತಿಳಿಸದೆ ಇದ್ದುದೇ ಅಲ್ಲಿನ ತಪ್ಪು.

ಹದಿನೈದು ದಿನಗಳ ತರುವಾಯ ಆ ಬಾಲಕಿಯ ಗಂಟು ನಿರಪಾಯವಾದುದೆಂದು ಸೂಜಿಯ ಪರೀಕ್ಷೆಯಿಂದ ತಿಳಿದುಬಂದಿತು. ಆರು ತಿಂಗಳಿಗೊಮ್ಮೆ ತೋರಿಸಿದರೆ ಸಾಕೆಂದು ವೈದ್ಯರು ಹೇಳಿದರಂತೆ. ಈ ವರ್ಷ ಅವಳು ಹತ್ತನೆಯ ತರಗತಿಯಲ್ಲಿದ್ದಾಳೆ. ಈ ಲೇಖನಕ್ಕಾಗಿ ಮಾಡಿದ ಲೆಕ್ಕಗಳನ್ನು ನಾವು ತರಗತಿಯ ಕರಿಹಲಗೆಯ ಮೇಲೆ ಬರೆದಾಗ, ೨೪ನ್ನೂ ೩೮೭ನ್ನೂ ಹೋಲಿಸಬಾರದೆಂದು ಎಲ್ಲರಿಗಿಂತ ಮೊದಲು ಎದ್ದು ನಿಂತು ಹೇಳಿದವಳು ಅವಳೇ. ಏಕೆಂದು ಕೇಳಿದೆವು. "ಅದು ಒಂದು ವರ್ಷದ ಲೆಕ್ಕ, ಇದು ಎಲ್ಲ ವರ್ಷಗಳದು ಒಟ್ಟಿಗೆ" ಎಂದಳು. ಪತ್ರಿಕೆಯಲ್ಲಿ ಯಾವ ರೋಗದ ಅಂಕಿಯನ್ನು ಕಂಡರೂ ನಮ್ಮ ವಿದ್ಯಾರ್ಥಿಗಳು ಹೀಗೆ ಒಂದು ಕ್ಷಣ ನಿಂತು ಯೋಚಿಸುವಂತಾದರೆ, ಗಣಿತವನ್ನು ಕಲಿಸಿದುದು ಸಾರ್ಥಕವಾಯಿತೆಂದು ನಾವು ತಿಳಿಯುತ್ತೇವೆ.